ಕೊತ್ತಂಬರಿಗೆ ನಲವತ್ತು ಸುತ್ತು

ನಮ್ಮ ಕನ್ನಡ ಬಳಗ ತಿಂಗಳಿಗೊಮ್ಮೆ ಎಂಟು ಪುಟದ ಪತ್ರಿಕೆ ತರುತ್ತದೆ. ಅದರ ಏಳನೆಯ ಪುಟ ನನ್ನದು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಕನ್ನಡದವರು ನಡೆಸುವ ಹೋಟೆಲುಗಳಿಗೆ ಹೋಗಿ, ತಿಂದು, ಒಂದನ್ನೊಂದು ಹೋಲಿಸಿ ಬರೆಯುವುದು ಕೆಲಸ. ಒಂದೇ ಬೋರ್ಡಿನ ಹತ್ತು ಶಾಖೆ ಇರುವಂಥವು ನನ್ನ ಪುಟಕ್ಕೆ ಬರುವುದಿಲ್ಲ. ಯಜಮಾನ ಕಣ್ಣೆದುರು ಕೂತಿರಬೇಕು, ಅವನಿಗೊಂದು ಮುಖ ಇರಬೇಕು, ಆ ಮುಖಕ್ಕೊಂದು ದನಿ ಇರಬೇಕು. ದನಿ ಯಾಕೆಂದರೆ ನನಗೆ ಅನುಕರಣೆಯ ಹುಚ್ಚು. ಮೈಸೂರಿನ ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಫೋನು ಮಾಡಿ ಅರ್ಧ ದಿನದ ರಜೆ ಘೋಷಿಸಿದವನು ನಾನು. ಈಗ ಐರೋಲಿಯಲ್ಲಿ ಒಂದು ಕಂಪನಿಯ ಲೆಕ್ಕಪರಿಶೋಧನೆ ಮಾಡುತ್ತೇನೆ. ಅಲ್ಲಿ ನಗುವವರಿಲ್ಲ. ಹಾಗಾಗಿ ಹೋಟೆಲುಗಳೇ ಗತಿ.

ನನ್ನ ಪುಟದ ಕಾಯಂ ಹೋಟೆಲುಗಳು ನಾಲ್ಕು.

ಕಲ್ಯಾಣ ಸ್ಟೇಷನ್ನಿನ ಪಶ್ಚಿಮಕ್ಕೆ ಹಣಮಂತ್ರಾಯರದು. ಅಲ್ಲಿ ಮೆನು ಕಾರ್ಡು ಇದೆ, ಆದರೆ ಅದನ್ನು ನೋಡುವ ಅಧಿಕಾರ ನಮಗಿಲ್ಲ. "ಏ ಸಾಹೇಬ್ರ, ಕಾರ್ಡ್ ಕೆಳಗ ಇಡ್ರಿ. ನಿಮಗ ಏನ್ ಬೇಕಂತ ನಿಮಗೇನ್ ಗೊತ್ತೈತಿ? ಬದ್ನಿಕಾಯಿ ಇವತ್ತ ಭಾಳ ಎಳೇವು ಸಿಕ್ಕಾವ. ಕುಂದ್ರಿ ಸುಮ್ನ." ಕೂತರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೊಂದು ಗದರಿಕೆ. ಅಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದವರನ್ನು ನಾನು ಕಂಡಿಲ್ಲ.

ಡೊಂಬಿವಲಿಯಲ್ಲಿ ನಳಿನಾಕ್ಷಮ್ಮನದು, ನಾಲ್ಕೇ ಟೇಬಲ್ಲು. ನಮ್ಮ ಮೈಸೂರಿನ ಕಡೆಯವರು. ಲೋಕಲ್ ಹಿಡಿಯುವ ಊರಿಗೆಲ್ಲ ಅವಸರ, ಅವರೊಬ್ಬರಿಗೆ ಇಲ್ಲ. "ಡಿಕಾಕ್ಷನ್ ಇಳೀಬೇಕಲ್ಲಪ್ಪ, ನಿಮ್ಮ ಟ್ರೇನು ಹೋದ್ರೆ ಇನ್ನೊಂದು ಬರತ್ತೆ." ಹಾಲು ಕಾಯಿಸುವುದಕ್ಕಿಂತ ಗಿರಾಕಿಯನ್ನು ಕಾಯಿಸುವುದೇ ಹೆಚ್ಚು ಎಂದು ನಾನು ಬರೆದೆ. ಆ ಪುಟವನ್ನು ಅವರು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರು.

ನೆರೂಳಿನದು ಶ್ರೀಪ್ರಿಯಾಳದು. ಹುಟ್ಟಿದ್ದು ಬೆಳೆದದ್ದು ಇಲ್ಲೇ, ವಯಸ್ಸು ಇಪ್ಪತ್ತೇಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. "ಅಂಕಲ್, ರಾಗಿ ದೋಸಾ ಟ್ರೈ ಕರೋ ನಾ, ಅಜ್ಜಿ ಕಾ ರೆಸಿಪಿ ಹೈ, ಬಸ್ ಚೀಸ್ ಮೇರಾ ಹೈ." ದೋಸೆ ಅಜ್ಜಿಯದು, ಚೀಸು ಮಾತ್ರ ಅವಳದು. ಗೋಡೆ ತುಂಬ ಬಳ್ಳಿ, ಕುರ್ಚಿ ಒಂದೊಂದು ಒಂದೊಂದು ಎತ್ತರ. ಅಲ್ಲಿಯ ಕಾಫಿ ಕನ್ನಡದ್ದು, ಬೆಲೆ ಮಾತ್ರ ಹಿಂದಿಯ 'ಕಾಫೀ', ಅಂದರೆ ಬಹಳ. ಆದರೂ ಅವಳ ಶುಂಠಿ ಚಟ್ನಿಗೆ ನಾಲ್ಕೂ ಊರಲ್ಲಿ ಸಾಟಿಯಿಲ್ಲ. ಒಪ್ಪಬೇಕಾದ್ದನ್ನು ಒಪ್ಪಲೇಬೇಕು.

ನಾಲ್ಕನೆಯದು ನನ್ನ ಮನೆಯಿಂದ ಐದು ನಿಮಿಷದ ದಾರಿ. ಠಾಣೆಯ ನೌಪಾಡಾದಲ್ಲಿ, ಸೀರೆ ಅಂಗಡಿಗೂ ಔಷಧದ ಅಂಗಡಿಗೂ ನಡುವೆ ಒತ್ತಿ ನಿಂತ ಅನಘ ಕೆಫೆ. ಉಡುಪಿಯ ವಾರಿಜಕ್ಕ ಯಜಮಾನ್ತಿ. ಗಂಡ ತೀರಿಹೋದ ಮೇಲೂ ಅವರು ಕಲ್ಲಿನ ಟೇಬಲ್ಲುಗಳನ್ನು ಬದಲಿಸಲಿಲ್ಲ, ಫ್ಯಾನು ಬದಲಿಸಲಿಲ್ಲ, ಅಡುಗೆಯವರನ್ನೂ ಬದಲಿಸಲಿಲ್ಲ. ಅಡುಗೆಯವರು ಪುಂಡರೀಕಾಕ್ಷ ಭಟ್ಟರು. ಮೂವತ್ತೊಂದು ವರ್ಷದಿಂದ ಅದೇ ಒಳಕೋಣೆ. ಆ ಸಾಂಬಾರಿಗೆ ಬೀದಿಯ ತಿರುವಿನಲ್ಲೇ ಒಂದು ಪರಿಮಳ ಇತ್ತು. ಕೊತ್ತಂಬರಿ, ಮೆಂತೆ, ಇಂಗು ಬೇರೆ ಬೇರೆಯಾಗಿ ಅಲ್ಲ, ಒಟ್ಟಿಗೆ ನಡೆದುಬರುವ ಅಣ್ಣತಮ್ಮಂದಿರ ಹಾಗೆ. ಅಂಗಡಿಯ ಬೋರ್ಡು ಓದಲು ಬಾರದ ಮರಾಠಿ ಮುದುಕರು ಆ ಪರಿಮಳ ಹಿಡಿದೇ ಒಳಗೆ ಬರುತ್ತಿದ್ದರು.

ಕಳೆದ ಫೆಬ್ರವರಿಯಲ್ಲಿ ಆ ಪರಿಮಳ ಕೆಟ್ಟಿತು. ಒಂದು ದಿನ ಕೊತ್ತಂಬರಿ ಹಸಿ, ಮರುದಿನ ಕರಕಲು. ನಾನು ಒಂದು ವಾರ ನೋಡಿದೆ, ಎರಡು ವಾರ ನೋಡಿದೆ, ಆಮೇಲೆ ಏಳನೆಯ ಪುಟದಲ್ಲಿ ಬರೆದೆ: "ನೌಪಾಡಾದ ಸಾಂಬಾರಿಗೆ ಈ ತಿಂಗಳು ಸ್ವಲ್ಪ ಜ್ವರ. ಕಲ್ಯಾಣದ ಕಷಾಯ ಕುಡಿಸಿದರೆ ವಾಸಿಯಾದೀತು."

ಪತ್ರಿಕೆ ಬಂದ ಶನಿವಾರ ನಾನು ಇಡ್ಲಿ ಮುಗಿಸುವಷ್ಟರಲ್ಲಿ ಭಟ್ಟರು ಒಳಕೋಣೆಯ ಬಾಗಿಲಿಗೆ ಬಂದು ಬೆರಳಲ್ಲಿ ಕರೆದರು. ಬೈಗುಳಕ್ಕೆ ಸಿದ್ಧನಾಗಿ ಹೋದೆ.

"ಜ್ವರ ಅಂತ ಬರೆದದ್ದು ನೀವಾ?"

"ತಮಾಷೆಗೆ ಭಟ್ರೇ…"

"ತಮಾಷೆ ಇರ್ಲಿ. ಎಂತ ಹೆಚ್ಚುಕಮ್ಮಿ ಆದದ್ದು, ಅದು ಹೇಳಿ. ಕೊತ್ತಂಬ್ರಿಯಾ? ಮೆಂತೆಯಾ?"

ನನಗೆ ವಿಚಿತ್ರವೆನಿಸಿತು. "ನಿಮಗೇ ಗೊತ್ತಾಗಲ್ವಾ?"

ಅವರು ಹಿತ್ತಲ ಓಣಿಯ ಕಡೆಯ ಬಾಗಿಲು ತೆಗೆದು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಪಾತ್ರೆ ತೊಳೆಯುವವರು ದೂರದಲ್ಲಿದ್ದರು. ಆದರೂ ದನಿ ತಗ್ಗಿಸಿದರು.

"ಕೊರೊನಾದ ಎರಡನೇ ಸಲ ನನಗೆ ಬಂದಿತ್ತು ಅಲ್ವಾ? ಎಲ್ಲ ಹೋಯ್ತು, ಅದೊಂದು ವಾಪಸ್ ಬರ್ಲಿಲ್ಲ." ಮೂಗನ್ನು ಮುಟ್ಟಿ ತೋರಿಸಿದರು. "ನಾಲ್ಕು ವರ್ಷ ಆಯ್ತು. ಮನೆಯಲ್ಲಿ ಹೆಂಡತಿ ರಮಾಮಣಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಮ್ಮದು ಡೊಂಬಿವಲಿಯಲ್ಲಿ ಕೆಮಿಕಲ್ ಕಾರ್ಖಾನೆಗಳ ಹತ್ರ ಮನೆ. ಬಿಲ್ಡಿಂಗಿನವರೆಲ್ಲ ಮೂಗು ಮುಚ್ಚಿಕೊಂಡು ಓಡುವಾಗ ನಾನೊಬ್ಬನೇ ಆರಾಮ, ಮಾರಾಯ್ರೇ."

ತಮ್ಮ ಮಾತಿಗೆ ತಾವೇ ನಕ್ಕರು. ನಾನೂ ನಕ್ಕೆ. ಆಮೇಲೆ ಇಬ್ಬರೂ ನಿಲ್ಲಿಸಿದೆವು.

ನಾಲ್ಕು ವರ್ಷ ಅವರು ನಡೆಸಿದ್ದು ಎಣಿಕೆಯ ಮೇಲೆ. ಹಳೆಯ ಒಲೆಯಲ್ಲಿ ಇಷ್ಟು ಕೊತ್ತಂಬರಿಗೆ ಸಟ್ಟುಗದ ಅರವತ್ತು ಸುತ್ತು, ಮೆಂತೆಗೆ ಹದಿನೆಂಟು, ಮೆಣಸಿಗೆ ಇಪ್ಪತ್ತೈದು. ಕೈಗೆ ಅದು ಯಾವತ್ತೋ ಗೊತ್ತಿತ್ತು. ಮೂಗು ಇದ್ದಾಗ ಕೈ ಮಾಡಿದ್ದನ್ನೇ ಮೂಗು ಹೋದ ಮೇಲೂ ಮಾಡಿತು. ಜನವರಿಯಲ್ಲಿ ವಾರಿಜಕ್ಕ ಒಲೆ ಬದಲಿಸಿದರು, ದೊಡ್ಡ ಉರಿಯ ಹೊಸ ಬರ್ನರುಗಳು. ಅರವತ್ತು ಸುತ್ತಿಗೆ ಕೊತ್ತಂಬರಿ ಇದ್ದಿಲಾಗತೊಡಗಿತು. ಹೆದರಿ ಮೂವತ್ತಕ್ಕೆ ಇಳಿಸಿದರು, ಹಸಿಯಾಯಿತು.

"ಚಮಚದಲ್ಲಿ ಒಂದು ತೊಟ್ಟು ನಾಲಿಗೆಗೆ ಹಾಕಿ ನೋಡಬಾರದಾ? ಉಪ್ಪು ಹುಳಿಯಾದರೂ ತಿಳಿಯುತ್ತದೆ."

ಭಟ್ಟರು ನನ್ನನ್ನು ನೋಡಿದ ರೀತಿಗೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅನಘ ಕೆಫೆಯಲ್ಲಿ ಬೆಳಿಗ್ಗೆ ಆರೂವರೆಗೆ ಕೃಷ್ಣನ ಪಟದ ಮುಂದೆ ಇಡ್ಲಿ ಸಾಂಬಾರಿನ ನೈವೇದ್ಯ ಆದ ಮೇಲೆಯೇ ಷಟರು ಪೂರ್ತಿ ಮೇಲೇರುವುದು. ಅದಕ್ಕೆ ಮುಂಚೆ ಬಾಯಿಗೆ ಹಾಕಿದರೆ ಇಡೀ ಕೊಪ್ಪರಿಗೆ ಎಂಜಲು.

"ಹಾಗಾದರೆ ದೇವರಿಗೆ ಒಂದು ಬಟ್ಟಲು ಮೊದಲೇ ತೆಗೆದಿಡಿ, ಉಳಿದದ್ದನ್ನು ನೋಡಿ ಸರಿಮಾಡಿ."

"ಅಂದ್ರೆ ಉಪ್ಪಿಲ್ಲದ್ದು ದೇವರಿಗೆ, ಸರಿ ಮಾಡಿದ್ದು ಗಿರಾಕಿಗೆ? ದೇವರನ್ನು ಟೇಸ್ಟರ್ ಮಾಡುದಾ ನೀವು?"

ಆಮೇಲೆ ಅವರೇ ಒಂದು ದಾರಿ ಹೇಳಿದರು.

"ಮೂಗು ಪಾತ್ರೆಗೆ ಹಿಡಿದು ಮೂಸಿದ್ರೆ ದೋಷ. ತಾನಾಗಿ ಬಂದ ಪರಿಮಳಕ್ಕೆ ದೋಷ ಇಲ್ಲ. ನೀವು ಬೆಳಿಗ್ಗೆ ಈ ಬಾಗಿಲ ಹತ್ರ ನಿಂತ್ರೆ ಸಾಕು. ಹುರಿಯುವಾಗ ಹದ ಬಂದದ್ದೇ 'ಬಂತು' ಅನ್ನಿ. ಎಷ್ಟು ಸುತ್ತಿಗೆ ಬಂತು ಅಂತ ನಾನು ಲೆಕ್ಕ ಇಟ್ಟುಕೊಳ್ತೇನೆ. ಹೊಸ ಒಲೆಯ ಲೆಕ್ಕ ಒಮ್ಮೆ ಕೈಗೆ ಕೂತ್ರೆ ಆಯ್ತು, ಮತ್ತೆ ನೀವು ಬೇಡ." ಆಮೇಲೆ ಕೈ ಮುಗಿದರು. "ಇದು ಹೋದ್ರೆ ನನಗೆ ಬೇರೆ ಎಂತದೂ ಬರುದಿಲ್ಲ. ಅರವತ್ತೆರಡಕ್ಕೆ ನಾನು ಹೊಸದಾಗಿ ಎಂತ ಕಲಿಯುದು? ಅಕ್ಕನಿಗೆ ಹೇಳ್ಬೇಡಿ."

ಹೀಗೆ ನಾನು ಒಂದು ಸಾಂಬಾರಿನ ಮೂಗಾದೆ.

ಮರುದಿನದಿಂದ ಐದೂವರೆಗೆ ಎದ್ದು ಹಿತ್ತಲ ಓಣಿಗೆ ಹೋಗತೊಡಗಿದೆ. ಹೆಂಡತಿ ಇಂಚರ, "ವಾಕಿಂಗ್ ಹೋಗೋನು ಒಗ್ಗರಣೆ ವಾಸನೆ ಹೊತ್ಕೊಂಡು ಬರ್ತೀಯಲ್ಲ, ಯಾವ ಸೀಮೆ ವಾಕಿಂಗು?" ಎಂದಳು. ಬಾಗಿಲ ಚೌಕಟ್ಟಿಗೆ ಒರಗಿ ನಿಂತರೆ ಒಳಗೆ ಭಟ್ಟರ ಬೆನ್ನು, ತಿರುಗುವ ಸಟ್ಟುಗ, ಬಾಯಲ್ಲಿ ಎಣಿಕೆ. ಮೂವತ್ತೆಂಟು, ಮೂವತ್ತೊಂಬತ್ತು… "ಬಂತಾ? ಪರಿಮಳ ಬಂತಾ?" ತಿರುಗಿ ನೋಡದೆಯೇ ಕೇಳುವರು. "ಬಂತು!" ಸಟ್ಟುಗ ನಿಲ್ಲುವುದು. ಕೊತ್ತಂಬರಿಗೆ ನಲವತ್ತು ಎಂದು ಮೂರೇ ದಿನದಲ್ಲಿ ತೀರ್ಮಾನವಾಯಿತು. ಮೆಣಸಿಗೆ ಹದಿನಾರು.

ಮೆಂತೆ ಮಾತ್ರ ಕೈಗೆ ಸಿಗಲಿಲ್ಲ. ಮೆಂತೆಯ ಹದ ಎಂದರೆ ಒಂದು ಉಸಿರಿನಷ್ಟು. ಈಗಿಲ್ಲ ಎನ್ನುವಷ್ಟರಲ್ಲಿ ಬಂದು, ಬಂತು ಎನ್ನುವಷ್ಟರಲ್ಲಿ ದಾಟಿಹೋಗಿರುತ್ತದೆ. ನನ್ನದು ತಿನ್ನುವವನ ಮೂಗು, ಬೇಯಿಸುವವನದಲ್ಲ. ಎಂಟಕ್ಕೆ ಬಂತು ಎಂದೆ, ಮರುದಿನ ಹನ್ನೊಂದಕ್ಕೆ, ಮತ್ತೊಂದು ದಿನ ಒಂಬತ್ತಕ್ಕೆ. ಸಾಂಬಾರಿನ ಕೊನೆಯಲ್ಲಿ ಒಂದು ಸಣ್ಣ ಕಹಿ ಎಳೆ ಉಳಿಯುತ್ತಿತ್ತು. ನನಗದು ಗೊತ್ತಿತ್ತು. ಪ್ರತಿದಿನ ಬೆಳಿಗ್ಗೆ ಇಡ್ಲಿ ತಿನ್ನಲು ಬರುವ ಪೆಂಡ್ಸೆ ಕಾಕಾ ಸಾಂಬಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಚಟ್ನಿ ಇನ್ನೊಮ್ಮೆ ಹಾಕಿಸಿಕೊಳ್ಳುವುದನ್ನೂ ಕಂಡಿದ್ದೆ.

ಹತ್ತನೆಯ ದಿನ ನೈವೇದ್ಯವಾದ ಮೇಲೆ ಭಟ್ಟರು ಒಂದು ಲೋಟದಲ್ಲಿ ಸಾಂಬಾರು ತಂದುಕೊಟ್ಟು ಎದುರಿಗೇ ನಿಂತರು. ನಾನು ಕುಡಿದೆ.

"ಹೇಗುಂಟು? ಮೊದಲಿನ ಹಾಗೇ ಉಂಟಾ?"

ಆ ಮುಖ ನೋಡಿ ಬೇರೆ ಏನನ್ನಾದರೂ ಹೇಳುವ ಎದೆ ನನಗಿರಲಿಲ್ಲ. ಏಳು ನಾಲ್ಕರ ಲೋಕಲಿಗೂ ಹೊತ್ತಾಗುತ್ತಿತ್ತು. "ಸೇಮ್ ಟು ಸೇಮ್, ಭಟ್ರೇ."

ಅವರು ಕಣ್ಣು ಮುಚ್ಚಿಕೊಂಡರು. "ಹಾಗಾದ್ರೆ ಮೆಂತೆಗೆ ಒಂಬತ್ತು," ಎಂದು ಮೂರು ಸಲ ಹೇಳಿಕೊಂಡರು, ಮಗ್ಗಿ ಬಾಯಿಪಾಠ ಮಾಡುವವರ ಹಾಗೆ. ಆ ತಿಂಗಳ ಏಳನೆಯ ಪುಟದಲ್ಲಿ ನಾನು ನೌಪಾಡಾಕ್ಕೆ ಮೊದಲ ಸ್ಥಾನ ಕೊಟ್ಟೆ. ಜ್ವರ ಬಿಟ್ಟಿದೆ, ಬೀದಿ ಮತ್ತೆ ಘಮಘಮ ಎಂದು ಬರೆದೆ. ಭಟ್ಟರು ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ಪಂಚೆಯ ಸೊಂಟದಲ್ಲಿ ಸಿಕ್ಕಿಸಿಕೊಂಡರಂತೆ. ಮನೆಯಲ್ಲಿ ರಮಾಮಣಿಯವರಿಗೆ ಓದಿ ಹೇಳಿದರಂತೆ.

ಏಪ್ರಿಲಿನಲ್ಲಿ ಬಳಗದ ವಾರ್ಷಿಕೋತ್ಸವ, ಭಾನುವಾರ ಸಂಜೆ ಡೊಂಬಿವಲಿಯ ಒಂದು ಸಭಾಗೃಹದಲ್ಲಿ. ಭಾಷಣಗಳ ನಡುವೆ ಜನ ಎದ್ದುಹೋಗದಂತೆ ಹಿಡಿದಿಡಲು ನನಗೆ ಹದಿನೈದು ನಿಮಿಷ ಕೊಟ್ಟಿದ್ದರು. ನಾಲ್ಕು ಹೋಟೆಲುಗಳ ದನಿ ಮಾಡಿದೆ. ಹಣಮಂತ್ರಾಯರು ಮೊದಲ ಸಾಲಿನಲ್ಲೇ ಕೂತು ತಮ್ಮ ಗದರಿಕೆಗೆ ತಾವೇ ತೊಡೆ ತಟ್ಟಿದರು. ನಳಿನಾಕ್ಷಮ್ಮನ ಡಿಕಾಕ್ಷನ್ನಿಗೆ ಚಪ್ಪಾಳೆ. ಶ್ರೀಪ್ರಿಯಾ ಫೋನೆತ್ತಿ ರೆಕಾರ್ಡು ಮಾಡಿಕೊಂಡಳು. ನೌಪಾಡಾಕ್ಕೆ ನಾನು ಸಿದ್ಧಮಾಡಿಕೊಂಡದ್ದು ಗಲ್ಲಾದ ಮೇಲೆ ಕೂತ ವಾರಿಜಕ್ಕನ ದನಿ ಮಾತ್ರ. ಅದು ಮುಗಿಯಿತು. ವಾರಿಜಕ್ಕ ಎರಡನೆಯ ಸಾಲಿನಲ್ಲಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಅಂಗಡಿ ಬಿಟ್ಟು ಭಟ್ಟರು ಬಂದಿರಲಿಲ್ಲ.

ಹಿಂದಿನಿಂದ ಯಾರೋ ಕೂಗಿದರು, "ಭಟ್ರದ್ದು ಮಾಡಿ! ಭಟ್ರದ್ದು!"

ನಗುವ ಸಭೆಯ ಮುಂದೆ ಅನುಕರಣೆ ಮಾಡುವವನು ಕುಡಿದವನ ಹಾಗೆ. ನಾನು ಸಭೆಗೆ ಬೆನ್ನು ತಿರುಗಿಸಿ ನಿಂತೆ, ಭುಜ ಬಾಗಿಸಿದೆ, ಕೈಯಲ್ಲಿ ಇಲ್ಲದ ಸಟ್ಟುಗ ತಿರುಗಿಸಿದೆ. ಮೂವತ್ತೆಂಟು. ಮೂವತ್ತೊಂಬತ್ತು. ದನಿ ತಾನಾಗಿ ಗಂಟಲಿಗೆ ಬಂತು.

"ಬಂತಾ? ಪರಿಮಳ ಬಂತಾ? ಯಾರಾದ್ರೂ ಹೇಳಿ ಮಾರಾಯ್ರೇ, ನನಗೆಂತ ಗೊತ್ತಾಗ್ತದೆ!"

ಸಭಾಗೃಹ ಬಿದ್ದು ಬಿದ್ದು ನಕ್ಕಿತು. ಅಡುಗೆಭಟ್ಟರೇ ವಾಸನೆ ಗೊತ್ತಾಗುವುದಿಲ್ಲ ಎನ್ನುವುದು ಅವರಿಗೆ ಬರಿಯ ಹುಡುಗಾಟ. ನಾನು ತಿರುಗಿದಾಗ ಇಡೀ ಸಭೆಯಲ್ಲಿ ಒಬ್ಬರು ಮಾತ್ರ ನಗುತ್ತಿರಲಿಲ್ಲ. ವಾರಿಜಕ್ಕ ಸೆರಗನ್ನು ಬಾಯಿಂದ ಇಳಿಸಿ ನನ್ನನ್ನೇ ನೋಡುತ್ತಿದ್ದರು. ಫೆಬ್ರವರಿಯ ಹಸಿ ಕೊತ್ತಂಬರಿ, ಕರಕಲು ಕೊತ್ತಂಬರಿ, ಹಿತ್ತಲ ಬಾಗಿಲಲ್ಲಿ ನಾನು ನಿಲ್ಲುತ್ತಿದ್ದೆನೆಂದು ಪಾತ್ರೆ ತೊಳೆಯುವವರು ಆಡಿದ್ದ ಮಾತು, ಎಲ್ಲವನ್ನೂ ಅವರು ಒಂದಕ್ಕೊಂದು ಕೂಡಿಸುತ್ತಿದ್ದದ್ದು ನನಗೆ ವೇದಿಕೆಯಿಂದಲೇ ಕಾಣಿಸಿತು.

ಸೋಮವಾರ ಬೆಳಿಗ್ಗೆ ನಾನು ಓಡಿದೆ. ಭಟ್ಟರಿಗೆ ಮುಂಚೆಯೇ ಹೇಳಿಬಿಡಬೇಕು ಎಂದುಕೊಂಡಿದ್ದೆ. ಓಣಿ ತಲುಪಿ ನೋಡಿದರೆ ವಾರಿಜಕ್ಕ ಆಗಲೇ ಒಳಗಿದ್ದರು. ಆರು ಗಂಟೆಗೆ ಅವರು ಅಂಗಡಿಗೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಕೊನೆಯ ಬರ್ನರಿನ ಪಕ್ಕ ನಿಂತಿದ್ದರು. ಸಣ್ಣ ಉರಿಯ ಮೇಲೆ ಒಂದು ಪುಟ್ಟ ಪಾತ್ರೆ, ಅದರ ತಳದಲ್ಲಿ ಒಂದಿಷ್ಟು ಹಾಲು. ಭಟ್ಟರು ಈ ಕಡೆ, ಬೆನ್ನು ತಿರುಗಿಸಿ, ಇಡ್ಲಿ ತಟ್ಟೆಗಳಿಗೆ ಹಿಟ್ಟು ಹೊಯ್ಯುತ್ತಿದ್ದರು. ಎಕ್ಸಾಸ್ಟ್ ಫ್ಯಾನಿನ ಸದ್ದು, ಹಬೆಯ ಸದ್ದು.

ಹಾಲು ಬತ್ತಿತು. ತಳ ಹಿಡಿಯಿತು. ಸೀದ ಹಾಲಿನ ವಾಸನೆ ಬಾಗಿಲವರೆಗೆ ಬಂದು ನನ್ನ ಮುಖಕ್ಕೆ ರಾಚಿತು. ಓಣಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸು ತಲೆಯೆತ್ತಿ, "ದೂಧ್ ಜಲಾ ಕ್ಯಾ?" ಎಂದಳು.

ಭಟ್ಟರು ಹಿಟ್ಟು ಹೊಯ್ಯುತ್ತಲೇ ಇದ್ದರು. ನೇರವಾಗಿ, ನಿಧಾನವಾಗಿ, ಒಂದು ತೊಟ್ಟೂ ಹೊರಗೆ ಬೀಳದ ಹಾಗೆ.

ವಾರಿಜಕ್ಕ ನನ್ನನ್ನು ನೋಡಿದರು. ತುಟಿಯ ಮೇಲೆ ಬೆರಳಿಟ್ಟರು. ಒಂದು ಶಬ್ದ ಸಾಕಿತ್ತು. ಕೆಮ್ಮಿದ್ದರೂ ಸಾಕಿತ್ತು. ಮೂಗು ಇದ್ದೂ ಮೂಗನಾಗಿ ನಿಂತೆ.

ಕೊನೆಗೆ ಭಟ್ಟರು ತಟ್ಟೆಗಳನ್ನು ಎತ್ತಿಕೊಂಡು ತಿರುಗಿದರು. ಯಜಮಾನ್ತಿಯನ್ನು ಕಂಡರು, ಅವರ ಮುಂದಿನ ಹೊಗೆ ಕಂಡರು, ಬಾಗಿಲಲ್ಲಿ ನನ್ನನ್ನು ಕಂಡರು.

"ಹಾಲಾ?" ಎಂದರು.

ವಾರಿಜಕ್ಕ ಬರ್ನರು ಆರಿಸಿದರು. ಅವರ ಕಣ್ಣು ತುಂಬಿತ್ತು. ಹೊಗೆಗಲ್ಲ. "ಎಷ್ಟು ದಿನ ಆಯ್ತು ಭಟ್ರೇ?"

"ನಾಲ್ಕು ವರ್ಷ."

"ನನಗೆ ಹೇಳ್ಬಹುದಿತ್ತು."

"ಹೇಳಿದ್ರೆ ನೀವು ಒಳಗೆ ಬಿಡ್ತಿದ್ರಾ?"

"ಸಾಂಬಾರ್ ಹಾಳಾಗಿ ಹೋಗ್ಲಿ. ಸಾಂಬಾರಿನ ಮಾತಲ್ಲ ನಾನು ಆಡುದು." ವಾರಿಜಕ್ಕ ಗೋಡೆಯುದ್ದಕ್ಕೂ ಹೋದ ಗ್ಯಾಸಿನ ಪೈಪು ತೋರಿಸಿದರು. "ಬೆಳಿಗ್ಗೆ ಮೊದಲು ಬಂದು ಕಡ್ಡಿ ಗೀರುದು ಯಾರು? ನೀವು. ರಾತ್ರಿ ಇದು ಲೀಕ್ ಆದ್ರೆ ನಿಮಗೆ ಗೊತ್ತಾಗುದು ಹೇಗೆ?"

"ಎಲ್ಲ ಬರ್ನರು ಎರಡೆರಡು ಸಲ ಮುಟ್ಟಿ ನೋಡಿಯೇ ನಾನು ಹೋಗುದು ಅಕ್ಕ."

"ಪೈಪಿಗೆ ಇಲಿ ಕಚ್ಚಿದ್ರೆ? ಮೇಲೆ ಎರಡು ಮಾಳಿಗೆ ಜನ ಮಲಗಿರ್ತಾರೆ."

ಭಟ್ಟರು ಪೈಪಿನ ಕಡೆ ತಿರುಗಿ ನೋಡಿದರು. ಹತ್ತು ದಿನ ಆ ಬಾಗಿಲಲ್ಲಿ ನಿಂತು ನಾನು ಕೊತ್ತಂಬರಿಯ ವಾಸನೆ ಹಿಡಿದೆ. ಆ ಪೈಪಿನ ಯೋಚನೆ ಒಮ್ಮೆಯೂ ಬರಲಿಲ್ಲ. ನಾಲ್ಕು ಹೋಟೆಲುಗಳನ್ನು ತೂಗಿ ನೋಡುವವನಿಗೆ ಒಂದು ಪೈಪು ಕಾಣಲಿಲ್ಲ.

ವಾರಿಜಕ್ಕ ನನ್ನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತು. ನಿನ್ನೆ ಅಷ್ಟು ಜನರ ಮುಂದೆ ಇವರ ದನಿ ಮಾಡಿ ನಗಿಸಿದ್ರಿ. ಇದು ಕೂಡ ನಿಮಗೆ ನಗಿಸುವ ಐಟಮ್ಮಾ ಜಯಂತ?"

ಭಟ್ಟರು ತಟ್ಟೆಗಳನ್ನು ಕೆಳಗಿಟ್ಟರು. ನನ್ನನ್ನು ಕೇಳಿದರು, "ನನ್ನದು ಮಾಡಿದ್ರಾ? ಸ್ಟೇಜಿನ ಮೇಲೆ?"

"ತಪ್ಪಾಯ್ತು ಭಟ್ರೇ. ಬಾಯಿ ತಪ್ಪಿ…"

"ಜನ ನಕ್ಕರಾ?"

"ನಕ್ಕರು."

"ಇರ್ಲಿ," ಎಂದರು. "ಹೇಗೂ ಒಂದು ದಿನ ಗೊತ್ತಾಗುದೇ. ಅದಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ."

ವಾರಿಜಕ್ಕ ಅವರನ್ನು ಕಳಿಸಲಿಲ್ಲ. ಮೂವತ್ತೊಂದು ವರ್ಷದ ಮನುಷ್ಯನನ್ನು ಕಳಿಸುವ ಹೆಂಗಸಲ್ಲ ಅವರು. ಒಳಕೋಣೆ ಬೇಡ, ಗಲ್ಲಾದ ಪಕ್ಕದಲ್ಲಿ ಕುರ್ಚಿ ಹಾಕಿಸುತ್ತೇನೆ, ಕೂಪನ್ ಕೊಡಿ, ಬಂದವರನ್ನು ಮಾತಾಡಿಸಿ, ಸಂಬಳ ಅದೇ ಎಂದರು. ಎರಡೇ ದಿನದಲ್ಲಿ ಕುಂದಾಪುರದ ಕಡೆಯ ಹೃಷೀಕೇಶ ಎಂಬ ಹೊಸ ಅಡುಗೆಯವನು ಬಂದ. ಮುಲುಂಡಿನ ಒಂದು ಹೋಟೆಲಿನಲ್ಲಿ ಐದು ವರ್ಷ ಪಳಗಿದವನು. ಅವನು ಎಣಿಸುತ್ತಿರಲಿಲ್ಲ. ಬಾಣಲೆಯ ಮುಂದೆ ನಿಂತು ಯಾರ ಜೊತೆಗೋ ಫೋನಿನಲ್ಲಿ ತುಳುವಿನಲ್ಲಿ ಜಗಳವಾಡುತ್ತಲೇ, ಸರಿಯಾದ ಗಳಿಗೆಗೆ ಕೈ ಚಾಚಿ ಉರಿ ಆರಿಸುತ್ತಿದ್ದ.

ಭಟ್ಟರು ಕುರ್ಚಿಯಲ್ಲಿ ಕೂತರು. ಅಲ್ಲಿಗೂ ಅದೇ ಪಂಚೆ, ಮೇಲೆ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ. ರಮಾಮಣಿಯವರು ಹೊಸದಾಗಿ ತೆಗೆದುಕೊಟ್ಟದ್ದಂತೆ. ಗುಂಡಿ ಹಾಕಿದ ಅಂಗಿಯಲ್ಲಿ ಅವರನ್ನು ನೋಡಿದ ಗಿರಾಕಿಗಳಿಗೆ ಮೊದಲು ಗುರುತೇ ಹತ್ತಲಿಲ್ಲ. ಒಳಗಿಂದ ಒಗ್ಗರಣೆಯ ಚಟಪಟ ಕೇಳಿದಾಗಲೆಲ್ಲ ಅವರ ಬಲಗೈ ತೊಡೆಯ ಮೇಲೆ ಸಣ್ಣಗೆ ಸುತ್ತು ತಿರುಗುತ್ತಿತ್ತು. ನನಗೆ ಅಲ್ಲಿ ತಿನ್ನಲು ನಾಚಿಕೆ, ತಿನ್ನದಿರಲು ಇನ್ನೂ ನಾಚಿಕೆ. ದೂರದ ಟೇಬಲ್ಲಿನಲ್ಲಿ ಕೂತು, ಬೇಗ ಮುಗಿಸಿ, ಅವರಿಗೆ ಕೈಯೆತ್ತಿ ಹೋಗಿಬಿಡುತ್ತಿದ್ದೆ.

ಶನಿವಾರ ಹಾಗಾಗಲಿಲ್ಲ. ಜಾಗವಿರಲಿಲ್ಲ, ಗಲ್ಲಾದ ಪಕ್ಕದ ಟೇಬಲ್ಲೇ ಸಿಕ್ಕಿತು. ಬೀದಿಯ ತಿರುವಿನಲ್ಲೇ ನನಗೆ ತಿಳಿದಿತ್ತು. ಅಣ್ಣತಮ್ಮಂದಿರು ಮತ್ತೆ ಒಟ್ಟಿಗೆ ನಡೆದುಬರುತ್ತಿದ್ದರು. ಮೊದಲ ತುತ್ತಿಗೆ ಕಣ್ಣು ತನ್ನಿಂತಾನೇ ಮುಚ್ಚಿತು. ಕೊನೆಯಲ್ಲಿ ಕಹಿ ಇರಲಿಲ್ಲ.

ಪೆಂಡ್ಸೆ ಕಾಕಾ ಕೈ ತೊಳೆದು, ಧೋತರದ ಚುಂಗಿಗೆ ಒರೆಸಿಕೊಳ್ಳುತ್ತ ನೇರವಾಗಿ ಭಟ್ಟರ ಮುಂದೆ ಬಂದು ನಿಂತರು. ಅವರಿಗೆ ಹೊಸ ಅಡುಗೆಯವನ ವಿಷಯ ಗೊತ್ತಿರಲಿಲ್ಲ. "ಭಟ್‌ಜೀ, ವಾ! ಆಜಚಂ ಸಾಂಬಾರ್! ಅಗದೀ ಪೂರ್ವೀಸಾರಖಂ! ದೋನ್ ಮಹಿನೇ ಕಾಯ್ ಝಾಲಂ ಹೋತಂ?" ಇವತ್ತಿನದು ಥೇಟು ಹಿಂದಿನ ಹಾಗೆ, ಎರಡು ತಿಂಗಳು ಏನಾಗಿತ್ತು ನಿಮಗೆ ಎಂದು ಭಟ್ಟರ ಭುಜ ತಟ್ಟಿ ನಗುತ್ತ ಹೋದರು.

ಭಟ್ಟರು ಕೈ ಮುಗಿದರು. ಕಾಕಾ ಬಾಗಿಲು ದಾಟುವವರೆಗೂ ಮುಗಿದ ಕೈ ಹಾಗೆಯೇ ಇತ್ತು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಎರಡು ತಿಂಗಳು ಅಂದ್ರು."

ನಾನು ಬಟ್ಟಲು ನೋಡುತ್ತಿದ್ದೆ.

"ಫೆಬ್ರವರಿಯದ್ದು ನನಗೆ ಗೊತ್ತುಂಟು. ಮಾರ್ಚಿನದ್ದು? ಸೇಮ್ ಟು ಸೇಮ್ ಅಂದ್ರಿ ನೀವು. ಪೇಪರಿನಲ್ಲಿ ಫಸ್ಟ್ ಅಂತ ಹಾಕಿದ್ರಿ."

"ಮೆಂತೆ ಸ್ವಲ್ಪ ದಾಟುತ್ತಿತ್ತು ಭಟ್ರೇ. ಸ್ವಲ್ಪವೇ."

"ದಿನಾ?"

"ದಿನಾ."

ಒಂದು ಕೂಪನ್ ಕೇಳಿ ಯಾರೋ ಬಂದರು. ಭಟ್ಟರು ಹರಿದು ಕೊಟ್ಟರು. ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಿತ್ತು.

"ಸ್ಟೇಜಿನ ಮೇಲೆ ಮಾಡಿದ್ದು ಬಿಡಿ. ಅದು ನಿಮ್ಮ ಸ್ವಭಾವ. ಆದ್ರೆ ನನ್ನ ಮೂಗು ಅಂತ ನಿಲ್ಲಿಸಿಕೊಂಡದ್ದು ನಿಮ್ಮನ್ನು. ಮೂಗು ಸುಳ್ಳು ಹೇಳ್ತದಾ ಮಾರಾಯ್ರೇ? ಒಂದು ತಿಂಗಳು ನಾನು ದೇವರಿಗೆ ಕಹಿ ಇಟ್ಟೆ. ಹೆಂಡತಿಗೆ ಅದನ್ನು ಓದಿ ಹೇಳಿದೆ."

"ನಿಮಗೆ ಬೇಜಾರಾಗಬಾರದು ಅಂತ…"

"ಆಯ್ತಲ್ಲ ಈಗ."

ಅವರು ಎದ್ದರು. ಮನೆಗೆ ಹೊರಟರು, ಇನ್ನು ಈ ಕುರ್ಚಿಗೆ ಬರುವುದಿಲ್ಲ ಎಂದುಕೊಂಡೆ. ಗಲ್ಲಾದಲ್ಲಿದ್ದ ವಾರಿಜಕ್ಕನೂ ಹಾಗೆಯೇ ತಿಳಿದಿರಬೇಕು, ಅರ್ಧ ಎದ್ದು ನಿಂತರು. ಆದರೆ ಭಟ್ಟರು ಹೊರಗೆ ಹೋಗಲಿಲ್ಲ. ಐದು ದಿನದಲ್ಲಿ ಮೊದಲ ಸಲ ಒಳಕೋಣೆಯ ಬಾಗಿಲವರೆಗೆ ಹೋದರು. ಹೊಸ್ತಿಲು ದಾಟಲಿಲ್ಲ.

"ಹೃಷೀಕೇಶ, ಒಂದು ಬಟ್ಟಲು ಸಾಂಬಾರ್ ಕೊಡು ಮಗಾ."

ಹೃಷೀಕೇಶ ಫೋನು ಕಿವಿಯಿಂದ ತೆಗೆದು, ಗಾಬರಿಯಿಂದ ಎರಡು ಕೈಯಲ್ಲಿ ಹಿಡಿದು ತಂದುಕೊಟ್ಟ. ಭಟ್ಟರು ಅದನ್ನು ತಂದು ನನ್ನೆದುರು, ಗಿರಾಕಿಯ ಹಾಗೆ, ಕಲ್ಲಿನ ಟೇಬಲ್ಲಿಗೆ ಕೂತರು. ಚಮಚದಲ್ಲಿ ತೆಗೆದು ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಬಾಯೊಳಗೇ ಇಟ್ಟುಕೊಂಡರು.

"ಬಿಸಿ ಉಂಟು," ಎಂದರು. ಇನ್ನೊಂದು ಚಮಚ. "ಉಪ್ಪು ಸರಿ ಉಂಟು. ಹುಳಿ ನಾನು ಹಾಕುವುದಕ್ಕಿಂತ ಚೂರು ಕಮ್ಮಿ." ಚಮಚ ಕೆಳಗಿಟ್ಟರು. "ಮತ್ತೆ ಎಂತ ಉಂಟು ಇದರಲ್ಲಿ? ನೀವು ಹೇಳಿ. ಈ ಸಲ ಸರಿಯಾಗಿ ಹೇಳಿ."

ನಾನು ಹೇಳಿದೆ. ಯಾರ ದನಿಯಲ್ಲೂ ಅಲ್ಲ. ಕೊತ್ತಂಬರಿ ಕೆಂಪಗೆ ಹುರಿದಿದೆ, ಕಪ್ಪಾಗಿಲ್ಲ. ಮೆಂತೆ ಇದೆ ಎಂದು ಗೊತ್ತಾಗುತ್ತದೆ, ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಇಂಗು ಕೊನೆಯಲ್ಲಿ ಬರುತ್ತದೆ, ನುಂಗಿದ ಮೇಲೆ. ಕರಿಬೇವು ಇವತ್ತಿನದು. ತೆಂಗಿನೆಣ್ಣೆ ಹೊಸದು.

"ನನ್ನದಕ್ಕಿಂತ ಒಳ್ಳೇದಾ?"

"ಮೂಗು ಇದ್ದಾಗಿನ ನಿಮ್ಮದರಷ್ಟೇ. ಹೆಚ್ಚಿಲ್ಲ."

"ಆಮೇಲಿನದ್ದಕ್ಕಿಂತ?"

"ಒಳ್ಳೇದು."

ಅವರು ತಲೆಯಾಡಿಸಿದರು. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಊದಿ ಊದಿ, ಕೊನೆಯ ತೊಟ್ಟಿನವರೆಗೆ ಕುಡಿದರು. ಬಿಳಿ ಅಂಗಿಯ ಮೇಲೆ ಒಂದು ಹನಿ ಬಿತ್ತು. ಒರೆಸಿಕೊಳ್ಳಲಿಲ್ಲ. ಬಾಗಿಲಲ್ಲಿ ಮೂವರು ಗಿರಾಕಿಗಳು ಕೂಪನ್ನಿಗೆ ಕಾಯುತ್ತಿದ್ದರು. ಭಟ್ಟರು ಎದ್ದು, ಖಾಲಿ ಬಟ್ಟಲನ್ನು ನನ್ನ ತಟ್ಟೆಯ ಪಕ್ಕದಲ್ಲೇ ಬಿಟ್ಟು, ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

"ಸಾಂಬಾರ್ ತಗೊಳ್ಳಿ," ಎಂದು ಮೊದಲನೆಯವನಿಗೆ ಹೇಳುವುದು ಕೇಳಿಸಿತು. "ಇವತ್ತು ಚೆನ್ನಾಗಿ ಉಂಟಂತೆ."